ಫೋನಿನ ಮುಖ ತಿರುಗಿಸಿದಾಗ: ರಾವೂರಿನ ಏಳನೇ ತರಗತಿಯಲ್ಲಿ ಆಮ್ಲ, ಪ್ರತ್ಯಾಮ್ಲದ ಪಾಠ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ನಾನು ಒಂದೇ ಘಟಕವನ್ನು ಒಂದೇ ತರಗತಿಗೆ ಎರಡು ಸಲ ಬೋಧಿಸಬೇಕಾಯಿತು. ಎರಡು ಸಲವೂ ನನ್ನ ಬಳಿ ಇದ್ದ ತಂತ್ರಜ್ಞಾನ ಒಂದೇ, ನಾನು ದಿನವೂ ಬಳಸುವ ಮೊಬೈಲ್ ಫೋನು. ಮೊದಲ ಸಲ ಪಾಠ ಸೋತಿತು. ಎರಡನೇ ಸಲ ಬಹುಪಾಲು ಮಕ್ಕಳು ಕಲಿತರು, ಅವರಿಂದ ನಾನೂ ಕಲಿತೆ. ನಡುವೆ ಬದಲಾದದ್ದು ಫೋನು ಹಿಡಿದ ದಿಕ್ಕು ಮಾತ್ರ. ಮೊದಲ ಪಾಠದಲ್ಲಿ ಫೋನಿನ ಪರದೆ ಮಕ್ಕಳ ಕಡೆಗಿತ್ತು. ಎರಡನೆಯದರಲ್ಲಿ ಅದರ ಕ್ಯಾಮೆರಾ ಮತ್ತು ಮೈಕು ಮಕ್ಕಳ ಕೈಗೆ ಹೋಗಿ ಅವರ ಮನೆ, ಅಡುಗೆಮನೆ, ಊರಿನ ಕಲ್ಲಿನ ಕಡೆ ತಿರುಗಿದವು. ಆ ಅನುಭವವನ್ನು, ಅದರಲ್ಲಿ ನಾನು ಮಾಡಿದ ತಪ್ಪುಗಳ ಸಮೇತ, ಸಹಪ್ರಶಿಕ್ಷಣಾರ್ಥಿಗಳ ಮತ್ತು ಬೋಧಕರ ಮುಂದೆ ಇಡುತ್ತಿದ್ದೇನೆ.

ಶಾಲೆ ಮತ್ತು ಪರಿಸರ

ಚಿತ್ತಾಪುರ ತಾಲ್ಲೂಕಿನ ರಾವೂರಿನ ಒಂದು ಹಿರಿಯ ಪ್ರಾಥಮಿಕ ಶಾಲೆ ನನಗೆ ಸಿಕ್ಕಿತ್ತು. ಏಳನೇ ತರಗತಿಯಲ್ಲಿ ಮೂವತ್ತಕ್ಕೂ ಹೆಚ್ಚು ಮಕ್ಕಳು. ಮನೆಯಲ್ಲಿ ಕಲಬುರಗಿ ಸೀಮೆಯ ಕನ್ನಡ ಆಡುವವರು ಹೆಚ್ಚು. ದಖನಿ ಉರ್ದು, ಲಂಬಾಣಿ ಮತ್ತು ತೆಲುಗು ಆಡುವವರೂ ಇದ್ದರು. ಅನೇಕರ ತಂದೆ ತಾಯಿ ಕಲ್ಲು ಗಣಿಯಲ್ಲಿ, ಕಲ್ಲು ಕತ್ತರಿಸಿ ಪಾಲಿಶ್ ಮಾಡುವ ಘಟಕಗಳಲ್ಲಿ, ಇಲ್ಲವೇ ತೊಗರಿ ಹೊಲದಲ್ಲಿ ಕೂಲಿಗೆ ಹೋಗುವವರು.

ಈ ಭಾಗದಲ್ಲಿ ಕಲ್ಲು ಕಾಣದ ಜಾಗವೇ ಇಲ್ಲ. ಶಹಾಬಾದ್ ಕಲ್ಲು ಎಂದು ಹೊರಗಿನವರು ಹೇಳುವುದನ್ನು ಇಲ್ಲಿಯವರು ಫರಸಿ ಎನ್ನುತ್ತಾರೆ. ಮನೆಯ ನೆಲ, ಕಟ್ಟೆ, ಮೆಟ್ಟಿಲು, ಹೊಲದ ಬದು, ಶಾಲೆಯ ಅಂಗಳ ಎಲ್ಲವೂ ಅದೇ. ಭೂವಿಜ್ಞಾನದ ಪ್ರಕಾರ ಇದು ಭೀಮಾ ಕೊಳ್ಳದ ಸುಣ್ಣದಕಲ್ಲು. ಇದರ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ಇಲ್ಲಿ ನೆಲೆಯಾಗಲು ಕಾರಣವೂ ಈ ಸುಣ್ಣದಕಲ್ಲೇ. ಇದೇ ತಾಲ್ಲೂಕಿನ ಸನ್ನತಿಯ ಹತ್ತಿರ ಕನಗನಹಳ್ಳಿಯಲ್ಲಿ ಸಿಕ್ಕ ಬೌದ್ಧ ಸ್ತೂಪದ ಶಿಲ್ಪಗಳೂ ಸುಣ್ಣದಕಲ್ಲಿನವು. ಅವುಗಳಲ್ಲಿ ಒಂದರ ಮೇಲೆ ಅಶೋಕನ ಹೆಸರೇ ಬ್ರಾಹ್ಮಿ ಲಿಪಿಯಲ್ಲಿದೆ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಆದರೂ ಮೊದಲ ಪಾಠ ಯೋಜನೆಯಲ್ಲಿ ಕಲ್ಲಿನ ಹೆಸರು ಒಂದು ಕಡೆಯೂ ಬರಲಿಲ್ಲ.

ಮೊದಲ ಪಾಠ

ಘಟಕ: ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು. ತಂತ್ರಜ್ಞಾನ ಬಳಸಿ ಒಂದು ಪಾಠ ಮಾಡಬೇಕೆಂಬುದು ನನ್ನ ಪಟ್ಟಿಯಲ್ಲಿತ್ತು. ನೆಟ್‌ವರ್ಕ್ ನಂಬುವಂತಿಲ್ಲ ಎಂದು ಹಿಂದಿನ ರಾತ್ರಿಯೇ ಒಂದು ವಿಡಿಯೊ ಇಳಿಸಿಕೊಂಡಿದ್ದೆ. ಲಿಟ್ಮಸ್ ಕಾಗದ, ಗಾಜಿನ ಬೀಕರು, ಬಿಳಿ ಕೋಟು ಹಾಕಿದ ವಿಜ್ಞಾನಿ ಎಲ್ಲವೂ ಅದರಲ್ಲಿದ್ದವು. ವಿಡಿಯೊದಲ್ಲಿ ತಪ್ಪೇನೂ ಇರಲಿಲ್ಲ.

ಮೂವತ್ತಕ್ಕೂ ಹೆಚ್ಚು ಮಕ್ಕಳು ಅಂಗೈ ಅಗಲದ ಪರದೆಯ ಸುತ್ತ ಸೇರಿದರು. ಮುಂದಿನ ಏಳೆಂಟು ಮಕ್ಕಳಿಗೆ ಕಂಡಿತು, ಉಳಿದವರಿಗೆ ಮುಂದಿನವರ ತಲೆಗಳು ಕಂಡವು. ಹಿಂದಿದ್ದವರು ಮೊದಲು ತಳ್ಳಾಡಿದರು, ಆಮೇಲೆ ಸುಮ್ಮನಾದರು. ಮುಗಿದ ಮೇಲೆ ನಾನು ಪ್ರಶ್ನೆ ಕೇಳಿದೆ. "ಆಮ್ಲ ನೀಲಿ ಲಿಟ್ಮಸ್ಸನ್ನು ಕೆಂಪಾಗಿಸುತ್ತದೆ" ಎಂದು ಮುಂದಿನ ಸಾಲು ಒಂದೇ ದನಿಯಲ್ಲಿ ಹೇಳಿತು. ಅಷ್ಟಕ್ಕೇ ಖುಷಿಪಟ್ಟೆ. ಆಗ ಒಬ್ಬ ಹುಡುಗ ಎದ್ದು ನಿಂತು, "ಟೀಚರ್ರಿ, ಲಿಟ್ಮಸ್ ಅಂದ್ರ ಗಿಡಾನೋ, ಕಾಗದಾನೋ? ನಮ್ಮ ಊರಾಗ ಸಿಗ್ತದೇನ್ರಿ?" ಎಂದು ಕೇಳಿದ. ಲಿಟ್ಮಸ್ ಕಲ್ಲುಹೂವಿನಿಂದ ತೆಗೆದ ಬಣ್ಣ ಎಂದು ಪುಸ್ತಕದ ಉತ್ತರ ಕೊಟ್ಟೆ. ಅವನು ಕೂತ, ಮುಖದಲ್ಲಿ ಪ್ರಶ್ನೆ ಹಾಗೇ ಇತ್ತು.

ಪಾಠ ವೀಕ್ಷಿಸಿದ ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಪುಸ್ತಕದಲ್ಲಿ ಸಮಯಪಾಲನೆ, ಧ್ವನಿ, ಕಪ್ಪುಹಲಗೆ ಬಳಕೆ ಇವುಗಳಿಗೆ ಒಳ್ಳೆಯ ಮಾತು ಬರೆದು, ಕೊನೆಗೆ ಒಂದು ಪ್ರಶ್ನೆ ಸೇರಿಸಿದ್ದರು: ಮಕ್ಕಳು ನೋಡಿದರು, ಆದರೆ ಏನು ಮಾಡಿದರು? ನನ್ನ ಪಾಠ ಯೋಜನೆಯ 'ಮಕ್ಕಳ ಚಟುವಟಿಕೆ' ಅಂಕಣವನ್ನು ತೆಗೆದು ನೋಡಿದೆ. ವೀಕ್ಷಿಸುವರು, ಆಲಿಸುವರು, ಉತ್ತರಿಸುವರು. ಈ ಮೂರೇ ಕ್ರಿಯಾಪದಗಳಿದ್ದವು.

ಸ್ವಲ್ಪ ಹಿಂದಿನ ಕಥೆ

ಈ ಸೋಲು ನನ್ನೊಬ್ಬಳದೇ ಅಲ್ಲ ಎಂದು ಆಮೇಲೆ ಓದಿದಾಗ ತಿಳಿಯಿತು. ನಮ್ಮ ಜಿಲ್ಲೆಗೆ ಪರದೆಯ ಪಾಠ ಹೊಸದೂ ಅಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಬೋಧನಾ ಟಿ.ವಿ. ಪ್ರಯೋಗದಲ್ಲಿ, ಅಂದರೆ 'ಸೈಟ್'ನಲ್ಲಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಸೇರಿದ್ದವು. ಕರ್ನಾಟಕದಿಂದ ಆಯ್ಕೆಯಾದವು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ ಬರುತ್ತಿದ್ದವು. ಮೇಲಿನಿಂದ ಹಳ್ಳಿಗೆ ಚಿತ್ರ ಇಳಿಯುತ್ತಿತ್ತು, ಹಳ್ಳಿಯಿಂದ ಮೇಲಕ್ಕೆ ಏನೂ ಹೋಗುವಂತಿರಲಿಲ್ಲ.

ಅದೇ ಕಾಲದಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಇನ್ನೊಂದು ಬಗೆಯ ಕೆಲಸ ನಡೆಯಿತು. ಅಲ್ಲಿ ಇಸ್ರೋದವರು ಕ್ಯಾಮೆರಾವನ್ನು ಹಳ್ಳಿಗೆ ಒಯ್ದು, ಹಳ್ಳಿಯವರ ಸಮಸ್ಯೆಯನ್ನು ಅವರ ಬಾಯಿಂದಲೇ ಹೇಳಿಸಿ ಕಾರ್ಯಕ್ರಮ ಮಾಡಿದರು. ಆ ಯೋಜನೆಗೆ 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೊ ಪ್ರಶಸ್ತಿ ಬಂದಿತು. ನಮ್ಮ ರಾಜ್ಯದಲ್ಲೇ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' ಎಂಬ ಹೆಸರಿನಲ್ಲಿ ಹಳ್ಳಿಯವರೇ ಧ್ವನಿ ಕಾರ್ಯಕ್ರಮ ತಯಾರಿಸಿ ಕೇಬಲ್ ಮೂಲಕ ಮನೆಗಳಿಗೆ ಕೇಳಿಸಿದರು.

ಆಗ ಇದಕ್ಕೆಲ್ಲ ತಂಡ, ವಾಹನ, ದೊಡ್ಡ ಯಂತ್ರ ಬೇಕಿತ್ತು. ಈಗ ಕ್ಯಾಮೆರಾ, ಮೈಕು, ಗಡಿಯಾರ ಮೂರೂ ನನ್ನ ಕೈಚೀಲದಲ್ಲಿವೆ. ಆದರೂ ನಾನು ಅದನ್ನು 1975ರ ಟಿ.ವಿ. ಪೆಟ್ಟಿಗೆಯಂತೆಯೇ ಬಳಸಿದ್ದೆ, ಅದೂ ಅದಕ್ಕಿಂತ ಚಿಕ್ಕ ಪರದೆಯಲ್ಲಿ.

ಮರುಯೋಜನೆ

ಮುಖ್ಯಗುರುಗಳ ಮತ್ತು ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ಅದೇ ಘಟಕಕ್ಕೆ ನಾಲ್ಕು ಅವಧಿಗಳ ಹೊಸ ಯೋಜನೆ ಮಾಡಿದೆ. ಕಲಿಕಾ ಫಲಗಳು ಹೀಗಿದ್ದವು:

1. ಮನೆಯಲ್ಲಿ ಸಿಗುವ ಸೂಚಕದಿಂದ ಪ್ರತ್ಯಾಮ್ಲಗಳನ್ನು ಗುರುತಿಸುವುದು.
2. ಆಮ್ಲವು ಸುಣ್ಣದಕಲ್ಲಿನೊಂದಿಗೆ ವರ್ತಿಸುವುದನ್ನು ಕಣ್ಣಿನಿಂದಲೂ ಕಿವಿಯಿಂದಲೂ ಗಮನಿಸಿ ದಾಖಲಿಸುವುದು.
3. ಕಂಡದ್ದನ್ನು ತನ್ನ ಮಾತಿನಲ್ಲಿ ಕಾರಣ ಸಹಿತ ಹೇಳುವುದು.

ಸಾಧನಗಳು: ಎರಡು ಫೋನು (ನನ್ನದು ಮತ್ತು ಸಹಪ್ರಶಿಕ್ಷಣಾರ್ಥಿಯದು), ಪ್ರಾರ್ಥನೆಗೆ ಬಳಸುವ ಸ್ಪೀಕರು, ಅರಿಶಿಣ, ಬಿಳಿ ಕಾಗದ, ಲಿಂಬೆಹಣ್ಣು, ಹುಣಸೆಹಣ್ಣು, ಅಡುಗೆ ಸೋಡಾ, ಸೋಪು, ಸುಣ್ಣದ ತಿಳಿನೀರು, ಫರಸಿಯ ಚೂರು ಮತ್ತು ಪುಡಿ, ಕಪ್ಪು ಜಲ್ಲಿಕಲ್ಲು. ಹುಣಸೆಹಣ್ಣು, ಸೋಡಾ, ಅರಿಶಿಣ ಬಿಸಿಯೂಟದ ಅಡುಗೆಯವರಿಂದ ಸಿಕ್ಕವು.

ಫೋನನ್ನು ಮಕ್ಕಳ ಕೈಗೆ ಕೊಡುವ ಮೊದಲು ಕೆಲವು ನಿಯಮಗಳನ್ನು ಮಕ್ಕಳ ಜೊತೆ ಕೂತು ಮಾಡಿಕೊಂಡೆವು. ಯಾರ ಮುಖದ ಚಿತ್ರವನ್ನೂ ತೆಗೆಯಬಾರದು, ಕೈ ಮತ್ತು ವಸ್ತು ಮಾತ್ರ. ಧ್ವನಿ ದಾಖಲಿಸುವ ಮೊದಲು ಕೇಳಬೇಕು, ಬೇಡ ಎಂದರೆ ಬೇಡ. ದಾಖಲಿಸಿದ್ದು ಶಾಲೆಯ ಹೊರಗೆ ಹೋಗುವುದಿಲ್ಲ. ಫೋನು ಏರೋಪ್ಲೇನ್ ಸ್ಥಿತಿಯಲ್ಲೇ ಇರಬೇಕು. ಪೋಷಕರಿಗೆ ಮುಖ್ಯಗುರುಗಳ ಮೂಲಕ ವಿಷಯ ತಿಳಿಸಿದೆವು. ಹೆಣ್ಣುಮಕ್ಕಳ ಫೋಟೊ ತೆಗೆಯುತ್ತಾರೇನೋ ಎಂದು ಇಬ್ಬರು ಪೋಷಕರು ಕೇಳಿದರು. ಮುಖ ತೆಗೆಯುವುದಿಲ್ಲ ಎಂಬ ನಿಯಮ ಮೊದಲೇ ಇದ್ದುದರಿಂದ ಉತ್ತರ ಕೊಡುವುದು ಸುಲಭವಾಯಿತು.

ಚಟುವಟಿಕೆ 1: ಅರಿಶಿಣದ ಕಾಗದ

"ಕುಂಕುಮ ಮನೆಯಲ್ಲಿ ಹೇಗೆ ಮಾಡುತ್ತಿದ್ದರು?" ಎಂಬ ಪ್ರಶ್ನೆಯಿಂದ ಶುರುಮಾಡಿದೆ. ಅರಿಶಿಣಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ ಎಂದು ಅಜ್ಜಿಯರಿಂದ ಕೇಳಿದವರು ತರಗತಿಯಲ್ಲಿದ್ದರು. ಅಂಗಿಯ ಮೇಲಿನ ಸಾರಿನ ಕಲೆಗೆ ಸೋಪು ಹಚ್ಚಿದ ಕೂಡಲೇ ಕೆಂಪಾಗುವುದನ್ನು ಎಲ್ಲರೂ ನೋಡಿದ್ದರು. ಲಿಟ್ಮಸ್ ಬಗ್ಗೆ ಕೇಳಿದ್ದ ಹುಡುಗ, "ಹಂಗಾರ ಅರಿಶಿಣನೇ ನಮ್ಮ ಲಿಟ್ಮಸ್ ಆತಲ್ರಿ" ಎಂದ. ನಾನು ಕೊಡಬೇಕಿದ್ದ ಉತ್ತರವನ್ನು ಅವನೇ ಕಂಡುಕೊಂಡಿದ್ದ.

ಅರಿಶಿಣದ ನೀರಲ್ಲಿ ಕಾಗದ ಅದ್ದಿ ಒಣಗಿಸಿ ಪಟ್ಟಿ ಮಾಡಿದರು. ಗುಂಪಿಗೆ ಆರು ಪಟ್ಟಿ. ಒಂದೊಂದು ಪಟ್ಟಿಗೆ ಒಂದೊಂದು ದ್ರವದ ಹನಿ ಹಾಕಿ, ಬದಲಾವಣೆಯನ್ನು ಫೋನಿನಲ್ಲಿ ಚಿತ್ರ ತೆಗೆಯಬೇಕಿತ್ತು. ಒಣಗಿದ ಮೇಲೆ ಬಣ್ಣ ಮಂಕಾಗುವುದರಿಂದ ಆ ಕ್ಷಣದ ಚಿತ್ರ ಮುಖ್ಯ.

ಇಲ್ಲಿ ಒಂದು ತೊಂದರೆ ಬಂತು. ಎರಡು ಗುಂಪಿನವರು ಸೋಡಾದ ಪಟ್ಟಿಯ ಚಿತ್ರ ಹೋಲಿಸಿ ನೋಡಿದಾಗ ಒಂದರಲ್ಲಿ ಕಡುಕೆಂಪು, ಇನ್ನೊಂದರಲ್ಲಿ ಕಿತ್ತಳೆ ಕಂಡಿತು. ಯಾರದು ಸರಿ ಎಂದು ಜಗಳ ಹತ್ತಿತು. ಒಂದು ಗುಂಪು ಕಿಟಕಿಯ ಬಿಸಿಲಲ್ಲಿ, ಇನ್ನೊಂದು ಗುಂಪು ಮೂಲೆಯ ನೆರಳಲ್ಲಿ ಚಿತ್ರ ತೆಗೆದಿತ್ತು. ಫೋನಿನ ಕ್ಯಾಮೆರಾ ಬೆಳಕಿಗೆ ತಕ್ಕಂತೆ ಬಣ್ಣವನ್ನು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಇದಕ್ಕೆ ಉಪಾಯವನ್ನು ಮಕ್ಕಳಿಂದಲೇ ಕೇಳಿದೆ. ಒಬ್ಬಳು, "ಏನೂ ಹಾಕದ ಪಟ್ಟಿನೂ ಬಾಜೂಕ ಇಟ್ಟು ತೆಗೀಬೇಕ್ರಿ, ಅದನ್ನ ನೋಡಿ ಇದನ್ನ ಅಳೀಬೇಕು" ಎಂದಳು. ಪ್ರಯೋಗದಲ್ಲಿ ನಿಯಂತ್ರಣ ಎನ್ನುವುದನ್ನು ಪದವಿಯಲ್ಲಿ ಎಷ್ಟೋ ಸಲ ಬರೆದಿದ್ದೆ. ಅದು ಏಕೆ ಬೇಕು ಎಂಬುದು ಮಕ್ಕಳಿಗೆ ಈ ಜಗಳದಿಂದ ಒಂದೇ ದಿನದಲ್ಲಿ ತಿಳಿಯಿತು. ಮುಂದೆ ಪ್ರತಿ ಚಿತ್ರದಲ್ಲೂ ಒಂದು ಬಿಳಿ ಕಾಗದ, ಒಂದು ಹೊಸ ಅರಿಶಿಣ ಪಟ್ಟಿ ಪಕ್ಕದಲ್ಲಿದ್ದವು.

ಕೊನೆಗೆ ಸೋಪಿನ ನೀರಲ್ಲಿ ಕಡ್ಡಿ ಅದ್ದಿ ಅರಿಶಿಣದ ಹಾಳೆಯ ಮೇಲೆ ಚಿತ್ರ ಬಿಡಿಸಿದರು. ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತಿದ್ದಂತೆ ಒಬ್ಬ ಕಲ್ಲು ತುಂಬಿದ ಟ್ರ್ಯಾಕ್ಟರ್ ಬಿಡಿಸಿದ, ಇನ್ನೊಬ್ಬಳು ತೊಗರಿ ಗಿಡ ಬಿಡಿಸಿದಳು.

ಚಟುವಟಿಕೆ 2: ಕಲ್ಲಿನ ಸದ್ದು

ಎರಡನೇ ಅವಧಿಯಲ್ಲಿ ಫರಸಿಯ ಪುಡಿಯನ್ನು ಬಟ್ಟಲಲ್ಲಿ ಹಾಕಿ ಲಿಂಬೆರಸ ಹಿಂಡಿದೆವು. ಸಣ್ಣ ಬುರುಗು ಎದ್ದಿತು. ಕಣ್ಣಿಗೆ ಕಾಣುವುದು ಅಷ್ಟೇ. ಆಗ ಫೋನಿನ ಮೈಕನ್ನು ಬಟ್ಟಲಿನ ಅಂಚಿಗೆ ಹಿಡಿದು, ಎಲ್ಲರೂ ಉಸಿರು ಬಿಗಿಹಿಡಿದು ಅರ್ಧ ನಿಮಿಷ ದಾಖಲಿಸಿದೆವು. ಸ್ಪೀಕರಿನಲ್ಲಿ ಕೇಳಿಸಿದಾಗ ಒಗ್ಗರಣೆಯಲ್ಲಿ ಜೀರಿಗೆ ಚಿಟಿಗುಟ್ಟಿದಂತಹ ಸದ್ದು ತರಗತಿ ತುಂಬಿತು. "ಕಲ್ಲ ಮಾತಾಡ್ಲಕತ್ತದ್ರಿ!" ಎಂದು ಹಿಂದಿನ ಸಾಲಿನಿಂದ ಕೂಗು ಬಂತು. ಮೊದಲ ಪಾಠದಲ್ಲಿ ಸುಮ್ಮನಾಗಿದ್ದ ಸಾಲು ಅದು.

ಹೋಲಿಕೆಗೆ ಕಪ್ಪು ಜಲ್ಲಿಯ ಪುಡಿಯ ಮೇಲೂ ಲಿಂಬೆರಸ ಹಾಕಿ ದಾಖಲಿಸಿದೆವು. ಬುರುಗೂ ಇಲ್ಲ, ಸದ್ದೂ ಇಲ್ಲ. ಆಮೇಲೆ ಫರಸಿಯ ಇಡೀ ಚೂರಿನ ಮೇಲೆ ಹಾಕಿದಾಗ ಸದ್ದು ಕಡಿಮೆ ಬಂತು. ಪುಡಿಗೆ ಹೆಚ್ಚು, ಚೂರಿಗೆ ಕಡಿಮೆ ಏಕೆ? ರಸ ತಾಗುವ ಜಾಗ ಪುಡಿಯಲ್ಲಿ ಹೆಚ್ಚು ಎಂಬ ಉತ್ತರ ಮಕ್ಕಳ ಚರ್ಚೆಯಿಂದಲೇ ಬಂತು.

ನನ್ನ ಪಾಲಿನ ವಿವರಣೆ ಇಷ್ಟೇ ಇತ್ತು. ಲಿಂಬೆಯಲ್ಲಿ ಸಿಟ್ರಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ಇವೆ. ಅವು ಕಲ್ಲಿನ ಕ್ಯಾಲ್ಸಿಯಂ ಕಾರ್ಬೊನೇಟಿನೊಂದಿಗೆ ವರ್ತಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗುಳ್ಳೆ ಒಡೆಯುವುದೇ ಆ ಸದ್ದು. ಕಲ್ಲನ್ನು ಭಟ್ಟಿಯಲ್ಲಿ ಚೆನ್ನಾಗಿ ಸುಟ್ಟರೂ ಅದೇ ಅನಿಲ ಹೊರಟು ಸುಟ್ಟ ಸುಣ್ಣ ಉಳಿಯುತ್ತದೆ. ಸಿಮೆಂಟ್ ಕಾರ್ಖಾನೆಯ ದೊಡ್ಡ ಭಟ್ಟಿಯಲ್ಲಿ ಸುಣ್ಣದಕಲ್ಲನ್ನು ಜೇಡಿಮಣ್ಣಿನೊಂದಿಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಊರಿಂದ ಕಾಣುವ ಚಿಮಣಿಗೂ ಬಟ್ಟಲಿನ ಗುಳ್ಳೆಗೂ ಸಂಬಂಧವಿದೆ ಎಂದಾಗ ಮಕ್ಕಳು ಕಿಟಕಿಯ ಕಡೆ ನೋಡಿದರು.

ಚಟುವಟಿಕೆ 3: ಎರಡು ನಿಮಿಷದ ಧ್ವನಿಪಾಠ

ಮೂರನೇ ಅವಧಿಯಲ್ಲಿ ಪ್ರತಿ ಗುಂಪೂ 'ನಮ್ಮ ಮನೆಯ ಕಲ್ಲು' ಎಂಬ ಎರಡು ನಿಮಿಷದ ಧ್ವನಿಪಾಠ ತಯಾರಿಸಬೇಕಿತ್ತು. ಆರನೇ ತರಗತಿಯ ಮಕ್ಕಳಿಗೆ ಕೇಳಿಸಲಿಕ್ಕೆ ಎಂದು ಹೇಳಿದ್ದೆ. ಕೇಳುವವರು ಯಾರು ಎಂದು ಗೊತ್ತಿದ್ದರೆ ಹೇಳುವ ರೀತಿ ಬದಲಾಗುತ್ತದೆ.

ಒಂದು ಗುಂಪಿನಲ್ಲಿ ನಾನು ಅಲ್ಲಿದ್ದ ಅಷ್ಟೂ ದಿನ ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳಿದ್ದಳು. ಹಾಜರಿ ಕರೆದಾಗಲೂ ಕೈ ಎತ್ತುವವಳು. ಆಕೆಯ ಗುರುತು ತಿಳಿಯದಂತೆ ಇಲ್ಲಿ ಕೆಲವು ವಿವರ ಬಿಟ್ಟಿದ್ದೇನೆ. ಅವಳ ಸರದಿ ಬಂದಾಗ ಫೋನು ಹಿಡಿದು ಶುರುಮಾಡಿದಳು: "ಫರಸಿ ಮ್ಯಾಲ ಹುಣಸಿಹಣ್ಣ ಬಿದ್ರ ನಮ್ಮವ್ವ ಬೈತಾಳ. ಯಾಕಂದ್ರ ಅಲ್ಲಿ ಬುರುಗ ಬರ್ತದ, ಕಲ್ಲಿನ ಹೊಳಪ ಹೋಗ್ತದ..." ವಿಜ್ಞಾನ ಪೂರ್ತಿ ಸರಿಯಿತ್ತು. ನಾನು ಮಾತ್ರ ದಾಖಲೆ ನಿಲ್ಲಿಸಿ, "ಬರ್ತದ ಅಲ್ಲ, ಬರುತ್ತದೆ. ಹೋಗ್ತದ ಅಲ್ಲ, ಹೋಗುತ್ತದೆ. ಪುಸ್ತಕದ ಭಾಷೆಯಲ್ಲಿ ಹೇಳು" ಎಂದೆ. ಅವಳು ಫೋನನ್ನು ಪಕ್ಕದವಳಿಗೆ ಕೊಟ್ಟು ಕೂತಳು. ಆ ದಿನ ಮತ್ತೆ ಮಾತಾಡಲಿಲ್ಲ.

ನಾನೂ ಇದೇ ಸೀಮೆಯವಳು. ಮನೆಯಲ್ಲಿ ನಾನೂ 'ಬರ್ತದ' ಎನ್ನುವವಳು. ಹೈಸ್ಕೂಲಿನಲ್ಲಿ ನನ್ನನ್ನೂ ಹೀಗೇ ತಿದ್ದಿದ್ದರು, ನಾನೂ ಹೀಗೇ ಕೂತಿದ್ದೆ. ಅದು ನೆನಪಾದದ್ದು ಸಂಜೆ ಬಸ್ಸಿನಲ್ಲಿ.

ಮರುದಿನ ಇಡೀ ತರಗತಿಯ ಮುಂದೆ, "ನಿನ್ನೆ ನಾನು ತಿದ್ದಿದ್ದು ತಪ್ಪು. ಬರವಣಿಗೆಗೆ ಪುಸ್ತಕದ ಭಾಷೆ ಬೇಕು, ಅದನ್ನೂ ಕಲಿಯೋಣ. ಈ ಧ್ವನಿಪಾಠಕ್ಕೆ ನಿಮ್ಮ ಮನೆಯ ಮಾತೇ ಸಾಕು" ಎಂದು ಹೇಳಿದೆ. ಉರ್ದು, ಲಂಬಾಣಿಯಲ್ಲಿ ಹೇಳುವವರು ಹೇಳಬಹುದು, ಗೆಳೆಯರು ಕನ್ನಡದಲ್ಲಿ ತಿಳಿಸಿಕೊಡಲಿ ಎಂದೆ. ಆ ಹುಡುಗಿಗೆ ಫೋನು ಕೊಟ್ಟು, ಅಂಗಳದ ಬೇವಿನ ಮರದ ಕೆಳಗೆ ಗೆಳತಿಯರ ಜೊತೆ ಕೂತು ದಾಖಲಿಸಲು ಬಿಟ್ಟೆ. ನಾನು ಹತ್ತಿರ ಹೋಗಲಿಲ್ಲ.

ಅವಳು ತಂದುಕೊಟ್ಟ ದಾಖಲೆಯಲ್ಲಿ ಕಲ್ಲು ಗಣಿಯಿಂದ ಪದರು ಪದರಾಗಿ ಏಳುವುದು, ಮಷಿನ್ನಿನಲ್ಲಿ ನೀರು ಬಿಟ್ಟು ಪಾಲಿಶ್ ಮಾಡುವುದು, ಲಿಂಬೆಹಣ್ಣು ಬಿದ್ದ ಜಾಗ ಏಕೆ ಮಂಕಾಗುತ್ತದೆ, ಎಲ್ಲವೂ ಕ್ರಮವಾಗಿ ಇದ್ದವು. ಕೊನೆಗೆ ಸ್ವಲ್ಪ ಹೊತ್ತು ಮೌನ. ಆಮೇಲೆ ಒಂದು ಪ್ರಶ್ನೆ: "ಟೀಚರ್ರಿ, ನಮ್ಮಪ್ಪ ಕಲ್ಲು ಕೊರಿಯೋ ಕೆಲಸಕ್ಕ ಹೋಗ್ತಾನ. ರಾತ್ರಿ ಕೆಮ್ಮತಾನ. ಕಲ್ಲಿನ ಪುಡಿ ಲಿಂಬಿಹಣ್ಣಿನ್ಯಾಗ ಕರಗ್ತದಲ್ರಿ, ಮನಿಷಾನ ಎದಿಯಾಗ ಕರಗ್ತದೇನ್ರಿ?"

ಈ ಪ್ರಶ್ನೆಗೆ ನನ್ನ ಪಾಠ ಯೋಜನೆಯಲ್ಲಿ ಜಾಗ ಇರಲಿಲ್ಲ. ಪರದೆ ತೋರಿಸುವ ಪಾಠದಲ್ಲಿ ಇಂಥ ಪ್ರಶ್ನೆ ಬರುವುದೂ ಇಲ್ಲ. ಏನು ಕೇಳಬೇಕೆಂದು ಅಲ್ಲಿ ನಾವೇ ಮೊದಲೇ ತೀರ್ಮಾನಿಸಿರುತ್ತೇವೆ.

ಮಾರ್ಗದರ್ಶಕರೊಂದಿಗೆ ಮಾತಾಡಿ ಎರಡು ತೀರ್ಮಾನ ಮಾಡಿದೆವು. ಒಂದು, ಕೊನೆಯ ಭಾಗವನ್ನು ತರಗತಿಯಲ್ಲಿ ಕೇಳಿಸಬೇಕೋ ಬೇಡವೋ ಎಂಬುದು ಅವಳ ನಿರ್ಧಾರ. ಕೇಳಿದಾಗ, "ಅದು ನಿಮಗಷ್ಟೇ ಕೇಳಿದ್ದು" ಎಂದಳು. ಆ ಭಾಗವನ್ನು ಅವಳ ಮುಂದೆಯೇ ಅಳಿಸಿದೆ. ಈ ಲೇಖನದಲ್ಲಿ ಬರೆಯಲು ಆಮೇಲೆ ಅವಳನ್ನೂ ಅವಳ ತಾಯಿಯನ್ನೂ ಕೇಳಿ ಒಪ್ಪಿಗೆ ಪಡೆದಿದ್ದೇನೆ. ಎರಡು, ಉತ್ತರವನ್ನು ಮುಚ್ಚಿಡಬಾರದು, ಹೆದರಿಸಲೂ ಬಾರದು. ಶ್ವಾಸಕೋಶದೊಳಗೆ ಲಿಂಬೆರಸದಂಥ ಆಮ್ಲವಿಲ್ಲ, ಬಟ್ಟಲಿನಲ್ಲಿ ಆದದ್ದು ಅಲ್ಲಿ ಆಗುವುದಿಲ್ಲ ಎಂದು ಅವಳಿಗೆ ಹೇಳಿದೆ. ಕಲ್ಲಿನ ದೂಳಿನಲ್ಲಿ ಸಿಲಿಕಾ ಇದ್ದರೆ ಅದು ಕರಗದೆ ಉಳಿದು ಬಹಳ ವರ್ಷಗಳಲ್ಲಿ ರೋಗ ತರಬಲ್ಲದು. ಆದ್ದರಿಂದ ಕೊರೆಯುವಾಗ ನೀರು ಬಿಡುವುದು, ಮೂಗು ಬಾಯಿಗೆ ಮಾಸ್ಕ್ ಕಟ್ಟುವುದು ಮುಖ್ಯ. ಎಲ್ಲ ಕೆಮ್ಮೂ ಕಲ್ಲಿನದೇ ಅಲ್ಲ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತವಾಗಿ ಮಾಡುತ್ತಾರೆ, ಅಪ್ಪನಿಗೆ ಹೇಳು ಎಂದೆ. ನೀರು ಮತ್ತು ಮಾಸ್ಕಿನ ಮಾತನ್ನು ಯಾರ ಹೆಸರೂ ಇಲ್ಲದೆ ಇಡೀ ತರಗತಿಗೂ ಹೇಳಿದೆ. ಆಗ ಇನ್ನೂ ನಾಲ್ಕೈದು ಮಕ್ಕಳು ತಲೆ ಎತ್ತಿ ಕೇಳಿದರು.

ಮೌಲ್ಯಮಾಪನ

ನಾಲ್ಕನೇ ಅವಧಿಯಲ್ಲಿ ಧ್ವನಿಪಾಠಗಳನ್ನು ಆರನೇ ತರಗತಿಗೆ ಕೇಳಿಸಿದೆವು. ಏಳನೆಯವರ ಪ್ರತಿ ಗುಂಪನ್ನೂ ಮೂರು ಪ್ರಶ್ನೆಗಳಿಂದ ಅಳೆದೆ: ಏನು ಕಂಡಿತು? ಯಾವುದರೊಂದಿಗೆ ಹೋಲಿಸಿದಿರಿ? ಏಕೆ ಹಾಗಾಯಿತು? ಮೊದಲ ಎರಡಕ್ಕೆ ಎಲ್ಲ ಗುಂಪೂ ಉತ್ತರ ಕೊಟ್ಟವು. ಮೂರನೆಯದಕ್ಕೆ ಎರಡು ಗುಂಪು ತಡವರಿಸಿದವು.

ಲಿಖಿತ ಕಿರುಪರೀಕ್ಷೆಯಲ್ಲಿ ಒಂದು ತಪ್ಪು ಹಲವು ಉತ್ತರಪತ್ರಿಕೆಗಳಲ್ಲಿ ಕಂಡಿತು: 'ಅರಿಶಿಣದ ಬಣ್ಣ ಬದಲಾಗದಿದ್ದರೆ ಅದು ಆಮ್ಲ.' ಇದಕ್ಕೆ ಹೊಣೆ ನಾನೇ. ಅರಿಶಿಣ ಪ್ರತ್ಯಾಮ್ಲವನ್ನು ಮಾತ್ರ ತೋರಿಸುತ್ತದೆ, ಆಮ್ಲ ಮತ್ತು ಬರಿಯ ನೀರು ಎರಡರಲ್ಲೂ ಹಳದಿಯಾಗಿಯೇ ಉಳಿಯುತ್ತದೆ. ನೀರಿನ ಪಟ್ಟಿಯನ್ನು ಪಕ್ಕದಲ್ಲಿ ಇಟ್ಟು ಹೋಲಿಸಿದ್ದರೆ ಈ ತಪ್ಪು ಹುಟ್ಟುತ್ತಿರಲಿಲ್ಲ. ದಾಸವಾಳದ ಸೂಚಕವನ್ನೂ ಸೇರಿಸಬೇಕಿತ್ತು. ಅದು ಆಮ್ಲದಲ್ಲಿ ಕಡುಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರಾಗುತ್ತದೆ. ಮಕ್ಕಳು ಉತ್ಸಾಹದಿಂದ ಮಾಡಿದ ಮಾತ್ರಕ್ಕೆ ಪರಿಕಲ್ಪನೆ ಸರಿಯಾಯಿತು ಎಂದುಕೊಳ್ಳಬಾರದು ಎಂಬುದನ್ನು ಈ ಪರೀಕ್ಷೆ ತಿಳಿಸಿತು.

ಸಹಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಯೋಜನೆಯಲ್ಲಿ 'ಮಕ್ಕಳ ಚಟುವಟಿಕೆ' ಅಂಕಣದ ಕ್ರಿಯಾಪದಗಳನ್ನು ಮಾತ್ರ ಓದಿ ನೋಡಿ. ನೋಡುವರು, ಕೇಳುವರು ಎಂಬುದಷ್ಟೇ ಇದ್ದರೆ ಫೋನು ಇನ್ನೂ ಟಿ.ವಿ. ಪೆಟ್ಟಿಗೆಯೇ.
2. ವಿಡಿಯೊ ಬೇಡವೆಂದಲ್ಲ. ಮಕ್ಕಳು ಮಾಡಿ, ನೋಡಿ, ಪ್ರಶ್ನೆ ಹುಟ್ಟಿದ ಮೇಲೆ ತೋರಿಸಿದರೆ ಅದು ಉತ್ತರವಾಗುತ್ತದೆ. ಮೂವತ್ತು ಮಕ್ಕಳಿಗೆ ಒಂದು ಫೋನು ಪರದೆಯಾಗಿ ಸಾಲದು, ಸ್ಪೀಕರ್ ಇದ್ದರೆ ಧ್ವನಿಗೆ ಸಾಕು.
3. ಸ್ಮಾರ್ಟ್‌ಫೋನೇ ಬೇಕೆಂದಿಲ್ಲ. ಎಷ್ಟೋ ಕೀಪ್ಯಾಡ್ ಫೋನುಗಳಲ್ಲೂ ರೆಕಾರ್ಡರ್ ಇದೆ. ನೆಟ್‌ವರ್ಕ್ ಬೇಕಾಗುವುದೇ ಇಲ್ಲ.
4. ಬಣ್ಣ ದಾಖಲಿಸುವಾಗ ಬಿಳಿ ಕಾಗದ ಮತ್ತು ಹೋಲಿಕೆಯ ಪಟ್ಟಿ ಚಿತ್ರದೊಳಗೇ ಇರಲಿ.
5. ಸುಣ್ಣದ ಪುಡಿಯನ್ನು ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ತಿಳಿನೀರನ್ನು ನಾವೇ ಮೊದಲೇ ತಯಾರಿಸಿ ಹನಿ ಹಾಕಬೇಕು. ಕಲ್ಲಿನ ಪುಡಿಯನ್ನು ಒದ್ದೆ ಮಾಡಿಯೇ ಕುಟ್ಟಬೇಕು. ಮೊದಲ ದಿನ ನಾನು ಒಣಗಲ್ಲನ್ನೇ ಕುಟ್ಟಿದ್ದೆ. ಆ ಹುಡುಗಿಯ ಪ್ರಶ್ನೆಯ ನಂತರ ನನಗೇ ನಾಚಿಕೆಯಾಯಿತು.
6. ಮುಖ, ಹೆಸರು, ಮನೆಯ ಕಥೆ ಇವು ಫೋನಿಗೆ ಸುಲಭವಾಗಿ ಸೇರಿಬಿಡುತ್ತವೆ. ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು ಎಂಬುದನ್ನು ಮಗುವಿನೊಂದಿಗೆ ಕೂತು ತೀರ್ಮಾನಿಸಿ. ನಮ್ಮ ಸ್ಟೇಟಸ್ಸಿಗೆ ಹಾಕಿಕೊಳ್ಳುವುದಕ್ಕಲ್ಲ ಇದು.
7. ಧ್ವನಿಪಾಠದ ನಡುವೆ ಭಾಷೆ ತಿದ್ದಬೇಡಿ. ತಿದ್ದುವುದಕ್ಕೆ ಬರವಣಿಗೆಯ ತರಗತಿ ಇದೆ.

ಉಪಸಂಹಾರ

ಹೊಸ ಉಪಕರಣ ಬಂದಾಗೆಲ್ಲ ಅದರಿಂದ ಮಕ್ಕಳಿಗೆ ಏನು ತೋರಿಸಬಹುದು ಎಂದು ನಾವು ಮೊದಲು ಯೋಚಿಸುತ್ತೇವೆ. ಮಕ್ಕಳು ಅದರಿಂದ ನಮಗೆ ಏನು ತೋರಿಸಬಲ್ಲರು ಎಂದು ಕೇಳಿದರೆ ಪಾಠ ಬೇರೆಯಾಗುತ್ತದೆ. ಆಗ ಯೋಜನೆಯಲ್ಲಿ ಇಲ್ಲದ ಪ್ರಶ್ನೆಗಳು ಬರುತ್ತವೆ, ಅವುಗಳಿಗೆ ಶಿಕ್ಷಕರು ಜವಾಬುದಾರಿಯಿಂದ ತಯಾರಿರಬೇಕಾಗುತ್ತದೆ. ಆ ತಯಾರಿ ನನ್ನಲ್ಲಿ ಕಡಿಮೆ ಇತ್ತು.

ಬೋಧನಾಭ್ಯಾಸದ ಕೊನೆಯ ದಿನ ಹಾಜರಿ ಕರೆಯುವಾಗ ಆ ಹುಡುಗಿ ಕೈ ಎತ್ತಲಿಲ್ಲ, "ಹಾಜರ್ರಿ" ಎಂದಳು. ಬೆಲ್ಲಿನ ಹೊತ್ತಿಗೆ ಹತ್ತಿರ ಬಂದು, ಅಪ್ಪ ಆಸ್ಪತ್ರೆಗೆ ಇನ್ನೂ ಹೋಗಿಲ್ಲ, ಕೆಲಸಕ್ಕೆ ಹೋಗುವಾಗ ಮಾತ್ರ ಅವ್ವ ಒದ್ದೆ ಟವೆಲ್ಲು ಕಟ್ಟಿ ಕಳಿಸುತ್ತಿದ್ದಾಳೆ ಎಂದು ಹೇಳಿದಳು. ಟವೆಲ್ಲು ಮಾಸ್ಕಿನಷ್ಟು ಕೆಲಸ ಮಾಡುವುದಿಲ್ಲ, ಅವಳಿಗೆ ಅದನ್ನೂ ಹೇಳಿದೆ. ಆಸ್ಪತ್ರೆಯ ಮಾತನ್ನು ತಾಯಿಗೆ ಮತ್ತೊಮ್ಮೆ ನೆನಪಿಸುವಂತೆ ಮುಖ್ಯಗುರುಗಳನ್ನು ಕೇಳಿಕೊಂಡು ಬಂದಿದ್ದೇನೆ.